ಚಾಚಿದ ಕಾಲು

ಎಸೆದ ಬೂಟು ನಡುಮನೆಯ ಗೋಡೆಗೆ ಬಡಿದು ದೇವರ ಜಗುಲಿಯ ಕೆಳಗೆ ಬಂದು ಬಿತ್ತು. ಎಸೆದವಳು ದಿಶಾ, ಸೋಫಾದ ಮೇಲೆ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದವಳೂ ಅವಳೇ. ಡೊಂಬಿವ್ಲಿಯ ಜೂನಿಯರ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಎಲ್ಲರಿಗಿಂತ ಎತ್ತರದ ಹುಡುಗಿ, ತಂಡದ ಜೀವಾಳ. ಭಾನುವಾರ ಠಾಣೆಯಲ್ಲಿ ಫೈನಲ್. ರಾಜ್ಯ ತಂಡಕ್ಕೆ ಆರಿಸುವವರು ಕಣ್ಣರಳಿಸಿ ಕೂರುವ ಪಂದ್ಯ. ಆ ಪಂದ್ಯಕ್ಕೆ ದಿಶಾಳ ಹೆಸರೇ ಇಲ್ಲ! ತೆಗೆದದ್ದು ಹೊರಗಿನವರಾಗಿದ್ದರೆ ಬೈದುಕೊಂಡು ಸುಮ್ಮನಾಗಬಹುದಿತ್ತು. ತೆಗೆದವಳು ತಂಡದ ಹೊಸ ಕೋಚ್ ವೈಶಾಲಿ, ಇದೇ ಮನೆಯ ಸೊಸೆ, ದಿಶಾಳ ಸ್ವಂತ ವೈನಿ, ಅಣ್ಣನ ಹೆಂಡತಿ.

ಕಲ್ಲವ್ವ ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು, ಹಿಟ್ಟಾದ ಕೈಯಲ್ಲೇ ಹೊರಗೆ ಬಂದಳು. ಮಗಳನ್ನು ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತ ಸೊಸೆಯನ್ನು ನೋಡಿದಳು.

"ಅಕಿ ಹೆಸರು ಯಾಕ ತಗದಿ?"

"ಅಕಿ ಮೊಣಕಾಲು ಸರಿ ಇಲ್ರಿ ಅತ್ತಿ. ಒಂದ ಕಾಲ ಮ್ಯಾಲ ಭಾರ ಹಾಕಿ ಇಳೀತಾಳ. ಒಮ್ಮೆ ಡಾಕ್ಟರಿಗೆ ತೋರಸೋಣು."

"ಝೂಟ್ ಹೈ ಮಮ್ಮಿ, ಸುಳ್ಳು!" ದಿಶಾ ಅಳುತ್ತಲೇ ಎದ್ದು ನಿಂತಳು. "ಮುಝೆ ಕುಛ್ ನಹೀ ಹುವಾ, ಏನೂ ಆಗಿಲ್ಲ. ನೋಡು, ನಿಂತೀನಲ್ಲ?"

ಮಗಳು ನೆಟ್ಟಗೆ ನಿಂತಿದ್ದಾಳೆ, ಇನ್ನೇನು ಸಾಕ್ಷಿ ಬೇಕು? ಗಟ್ಟಿಮುಟ್ಟಾದ ಹುಡುಗಿಯನ್ನು ಆಸ್ಪತ್ರೆಗೆ ಅಲೆದಾಡಿಸಿ, ಕಾಲಿಗೊಂದು ರೋಗದ ಹೆಸರು ಕಟ್ಟಿ, ನಾಳೆ ಆಟವೂ ಇಲ್ಲ ಮದುವೆಯೂ ಇಲ್ಲ ಎಂದು ಮಾಡುವ ಹುನ್ನಾರ ಇದು ಎಂದು ಕಲ್ಲವ್ವ ಆಗಲೇ ತೀರ್ಮಾನ ಮಾಡಿಬಿಟ್ಟಳು. ಇವಳಿಗೆ ತಾನು ರಾಜ್ಯಕ್ಕೆ ಆಡಲಾಗಲಿಲ್ಲ ಎಂಬ ಹೊಟ್ಟೆಕಿಚ್ಚು, ನಾದಿನಿ ಆಡಿಬಿಟ್ಟಾಳೆಂಬ ಸಂಕಟ! ಹಾಗಂತ ಬಾಯಿಬಿಟ್ಟೇ ಅಂದಳು. ಮಗ ಬಸವಕುಮಾರ್ ಐರೋಲಿಯ ಆಫೀಸಿನಿಂದ ಆಗ ತಾನೇ ಬಂದು, ತಲೆ ತಗ್ಗಿಸಿ ಸಾಕ್ಸ್ ಬಿಚ್ಚುತ್ತಿದ್ದ. ತಾಯಿಯ ಮಾತು ಮುಗಿಯುವವರೆಗೂ ಬಿಚ್ಚುತ್ತಲೇ ಇದ್ದ. ಅದೆಂಥ ಸಾಕ್ಸೋ, ಅದೆಂಥ ಗಂಡಸೋ...

ಕಲ್ಲವ್ವನ ಸಂಶಯ ಆ ಸಂಜೆ ಹುಟ್ಟಿದ್ದಲ್ಲ. ಅದಕ್ಕೆ ಮದುವೆಯಷ್ಟೇ ವಯಸ್ಸು. ಸೊಸೆ ಮನೆ ತುಂಬಿದ ದಿನ, ವಿಭೂತಿ ಹಚ್ಚಲು ಜಗುಲಿಯ ಮುಂದೆ ಕೂರಿಸಿದರೆ, ಹುಡುಗಿ ಎಡಗಾಲನ್ನು ಉದ್ದಕ್ಕೆ ಚಾಚಿ ಕೂತುಬಿಟ್ಟಿದ್ದಳು. ದೇವರ ಕಡೆಗೆ ಕಾಲು! ಜೋಮು ಹಿಡಿದಿದೆ ಎಂದಿದ್ದಳು ಆಗ. ಆಮೇಲೆ ಪ್ರತಿ ಸೋಮವಾರವೂ, ಪ್ರತಿ ಹಬ್ಬಕ್ಕೂ ಅದೇ ಕಾಲು, ಅದೇ ಜೋಮು. ದಿನವೂ ಜೋಮು ಹಿಡಿಯುವ ಕಾಲು ಲೋಕದಲ್ಲಿ ಯಾರಿಗಿದೆ? ಇದು ಸೊಕ್ಕು, ಕಲಿತ ಹುಡುಗಿಯ ಸೊಕ್ಕು. ಅಂದಿನಿಂದ ಕಲ್ಲವ್ವ ಮೈಯೆಲ್ಲ ಕಣ್ಣಾದಳು. ಸಂಜೆ ಪ್ರ್ಯಾಕ್ಟೀಸಿನಿಂದ ಬಂದ ಸೊಸೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಫ್ರಿಜ್ಜಿನ ಐಸ್ ಟ್ರೇ ಖಾಲಿಯಾಗುತ್ತದೆ. ಐಸ್ ಯಾಕೆ? ಬಾಗಿಲು ಯಾಕೆ? ಒಮ್ಮೆ ಕಾಮೋಠೆಯ ತವರಿಗೆ ಫೋನಿನಲ್ಲಿ, "ಅತ್ತಿಯವರಿಗೆ ಗೊತ್ತಾಗೂದು ಬ್ಯಾಡಪ್ಪಾ," ಎಂದು ಪಿಸುಗುಟ್ಟಿದ್ದು ಕಿವಿಗೆ ಬಿದ್ದ ಮೇಲಂತೂ ಅವಳು ಸೊಸೆಯ ಮೇಲಿಟ್ಟ ಕಣ್ಣು ಕೀಳಲಿಲ್ಲ. ಅಂಥದ್ದೇನು ಮುಚ್ಚಿಟ್ಟಿದ್ದಾಳೆ ಇವಳು? ಇಷ್ಟೆಲ್ಲ ನೋಡುತ್ತಿದ್ದ ಕಣ್ಣಿಗೆ, ಈಚೆಗೆ ಮಗಳು ನೆಲದ ಮೇಲೆ ಕೂತು ಉಣ್ಣುವುದನ್ನು ಬಿಟ್ಟು ಸೋಫಾ ಹಿಡಿದಿದ್ದು ಮಾತ್ರ ಕಾಣಲಿಲ್ಲ. ಪಾಪ, ಆಟ ಆಡಿ ದಣಿದಿರುತ್ತಾಳೆ ಎಂದುಕೊಂಡಳು. ಹೆತ್ತವಳ ಕಣ್ಣು ಅಷ್ಟೇ!

ಮರುದಿನ ಕಲ್ಲವ್ವ ರಿಕ್ಷಾ ಹಿಡಿದು ನೇರ ಕಾಲೇಜಿಗೆ ಹೋದಳು. ಕ್ರೀಡಾ ವಿಭಾಗದ ಮುಖ್ಯಸ್ಥ ಕಮಲಾಕ್ಷ ಉಡುಪಿ ಕಡೆಯವರು, ಮೃದು ಮಾತಿನವರು. ಅವರ ಮುಂದೆ ಕೂತು, ತನ್ನ ಸೊಸೆಗೆ ನಾದಿನಿಯನ್ನು ಕಂಡರೆ ಆಗುವುದಿಲ್ಲ, ಮನೆಯ ಹಗೆಯನ್ನು ಆಟದಲ್ಲಿ ತೀರಿಸಿಕೊಳ್ಳುತ್ತಿದ್ದಾಳೆ ಎಂದು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಮಲಾಕ್ಷ ಮಧ್ಯಾಹ್ನ ವೈಶಾಲಿಯನ್ನು ಕರೆಸಿದರು.

"ನಿಮ್ಮ ಅತ್ತೆಯೇ ಬಂದು ಹೀಗೆ ಹೇಳುವಾಗ ನಾನು ಎಂತ ಮಾಡುವುದು ಹೇಳಿ? ಹುಡುಗಿ ಏನೂ ಆಗಲಿಲ್ಲ ಅಂತಾಳೆ. ಡಾಕ್ಟರ ಮಾತೂ ಇಲ್ಲ. ನಾಳೆ ಅವಳನ್ನು ಆಡಿಸಿ. ಇಲ್ಲದಿದ್ದರೆ ತಂಡವನ್ನು ನಾನೇ ಕರ್ಕೊಂಡು ಹೋಗ್ತೇನೆ, ನೀವು ಇನ್ನು ಬರುವುದು ಬೇಡ."

ಕೆಲಸ ಹಂಗಾಮಿಯದು. ಫೈನಲ್ ಚೆನ್ನಾಗಿ ಆದರೆ ಕಾಯಂ ಎಂದು ಮಾತಾಗಿತ್ತು. ಆಟ ಕಳೆದುಕೊಂಡ ಹುಡುಗಿಗೆ ದೇವರು ಮತ್ತೆ ಕೈಗಿಟ್ಟ ಅಂಗಳ ಅದು! ಆದರೂ ವೈಶಾಲಿ ಆಡಿಸುವುದಿಲ್ಲ ಎಂದಳು, ಕೊರಳ ಸೀಟಿ ತೆಗೆದು ಮೇಜಿನ ಮೇಲಿಟ್ಟಳು, ಹೊರಗೆ ಬಂದಳು. ಒಂದು ಮಾತು ಹೇಳಿದ್ದರೆ ಕಮಲಾಕ್ಷ ನಂಬುತ್ತಿದ್ದರು. ಅತ್ತೆಯ ಕಿವಿ ಮುಟ್ಟೀತೆಂದು ಆ ಮಾತು ನಾಲಗೆಯ ತುದಿಯಲ್ಲೇ ಉಳಿಯಿತು.

ಆ ಮಾತು ಅವಳ ಎಡ ಮೊಣಕಾಲಿನದು. ಕಾಲೇಜಿನ ದಿನಗಳಲ್ಲಿ ಅವಳೂ ತಂಡದ ಜೀವಾಳವೇ. ಫೈನಲಿಗೆ ಮೊದಲು ಮೊಣಕಾಲು ಊದಿತ್ತು. ಒಂದು ಪಂದ್ಯಕ್ಕೆ ಏನಾಗುತ್ತದೆ ಎಂದು ಅಂದಿನ ಕೋಚ್ ಪಟ್ಟಿ ಸುತ್ತಿ ಅಂಗಳಕ್ಕೆ ಇಳಿಸಿದರು. ಕಪ್ ಬಂತು... ಕಾಲು ಹೋಯಿತು. ಆಪರೇಶನ್ ಆಯಿತು, ಆಟ ಮುಗಿಯಿತು. ಹೆಣ್ಣು ನೋಡಲು ಬಂದ ಕಲ್ಲವ್ವ, ಹಿಂದೆ ತನ್ನ ಅಣ್ಣನ ಮನೆಗೆ ರೋಗ ಮುಚ್ಚಿಟ್ಟು ಹೆಣ್ಣು ಕೊಟ್ಟ ಮೋಸ ಕಂಡಿದ್ದರಿಂದ, ಹುಡುಗಿಗೆ ಆಪರೇಶನ್ ಏನಾದರೂ ಆಗಿದೆಯೇ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿದ್ದಳು. ಒಳ್ಳೆಯ ಸಂಬಂಧ ಕೈತಪ್ಪೀತೆಂದು ವೈಶಾಲಿಯ ತಂದೆ ಬಾಳಪ್ಪ ಇಲ್ಲ ಎಂದುಬಿಟ್ಟ. ಮದುವೆಯಾದ ಮೇಲೆ ಗಂಡನಿಗೆ ಗೊತ್ತಾಗದೆ ಇರುತ್ತದೆಯೇ? ಸಮಯ ನೋಡಿ ಅವ್ವನಿಗೆ ನಾನೇ ಹೇಳುತ್ತೇನೆ ಎಂದಿದ್ದ ಬಸವಕುಮಾರ್. ಆ ಪುಣ್ಯಾತ್ಮನಿಗೆ ಇವತ್ತಿನವರೆಗೆ ಸಮಯ ಸಿಕ್ಕಿಲ್ಲ.

ಭಾನುವಾರ ಬೆಳಿಗ್ಗೆ ದಿಶಾ ಬ್ಯಾಗು ಹೆಗಲಿಗೇರಿಸಿ ಸಿದ್ಧಳಾದಳು. ಅಡುಗೆಮನೆಯಲ್ಲಿ ವೈಶಾಲಿ ಗಂಡನಿಗೆ ಒಂದೇ ಮಾತು ಹೇಳಿದಳು: ಇವತ್ತು ಹೇಳಿಬಿಡುತ್ತೇನೆ, ಮನೆ ಬಿಡು ಎಂದರೆ ಬಿಡುತ್ತೇನೆ, ಆ ಕೂಸಿನ ಕಾಲು ಮಾತ್ರ ಹೋಗಬಾರದು. ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಕಾಯಲಿಲ್ಲ. ಹೊರಗೆ ಬರುವಷ್ಟರಲ್ಲಿ ಕಲ್ಲವ್ವ ವಿಭೂತಿಯಲ್ಲಿ ಮೂರು ಬೆರಳು ಅದ್ದಿಕೊಂಡು ಮಗಳನ್ನು ಜಗುಲಿಯ ಮುಂದೆ ಕರೆಯುತ್ತಿದ್ದಳು.

ದಿಶಾ ಗೋಡೆ ಹಿಡಿದು ಕೂತಳು. ಕೂತು, ಎಡಗಾಲನ್ನು ಮೆಲ್ಲಗೆ ಉದ್ದಕ್ಕೆ ಚಾಚಿದಳು.

ಕಲ್ಲವ್ವನ ಕೈ ಹಣೆಯವರೆಗೆ ಹೋಗಿ ನಿಂತಿತು. ಆ ಕಾಲು ಅವಳಿಗೆ ಗೊತ್ತಿತ್ತು. ಅದೇ ಓರೆ, ಅದೇ ಚಾಚು, ತೊಡೆಯ ಕೆಳಗೆ ಅದೇ ಊರಿದ ಕೈ. ಹಗೆಯಿಂದ ನೋಡಿ ನೋಡಿ ಬಾಯಿಪಾಠವಾಗಿದ್ದ ಕಾಲು ಇದು. ಈಗ ತನ್ನ ಮಗಳ ಮೈಯಲ್ಲಿದೆ...

"ಕಾಲು ಮಡಚು."

"ಛೋಡ್ ನಾ ಮಮ್ಮಿ, ಬಿಡು, ಗಾಡಿ ತಪ್ಪತೈತಿ."

"ಮಡಚವಾ."

ದಿಶಾ ಮಡಚಲು ನೋಡಿದಳು. ಅರ್ಧಕ್ಕೇ ಹಲ್ಲು ಕಚ್ಚಿದಳು, ಕಣ್ಣಲ್ಲಿ ನೀರು ತುಂಬಿತು. ಪ್ರ್ಯಾಕ್ಟೀಸಿನಲ್ಲಿ ಬಿದ್ದಾಗಿನಿಂದ ಹೀಗೆಯೇ ಎಂದು, ಹೇಳಿದರೆ ಆಡಲು ಬಿಡುವುದಿಲ್ಲವೆಂದು ಮುಚ್ಚಿಟ್ಟೆ ಎಂದು, ತಾಯಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಕಲ್ಲವ್ವ ಮೆಲ್ಲಗೆ ತಲೆಯೆತ್ತಿ ಸೊಸೆಯನ್ನು ನೋಡಿದಳು. ವೈಶಾಲಿ ಹತ್ತಿರ ಬಂದು, ತನ್ನ ಸಲ್ವಾರನ್ನು ಮೊಣಕಾಲಿನ ಮೇಲೆ ಎತ್ತಿ ಹಿಡಿದಳು. ಹೊಲಿಗೆಯ ಉದ್ದ ಗೆರೆ, ಪಕ್ಕದಲ್ಲಿ ಇನ್ನೂ ಇಳಿಯದ ಬಾವು.

"ನಿಮ್ಮಪ್ಪನ ಮುಂದ ಕುಂತು ಕೇಳಿದ್ದೆ ನಾನು," ಎಂದಳು ಕಲ್ಲವ್ವ. "ಇಲ್ಲ ಅಂದಾ."

"ಸುಳ್ಳು ಹೇಳಿದ್ರು. ನಾನೂ ಸುಮ್ಮನ ಇದ್ದೆ, ಅತ್ತಿ."

"ನನಗೂ ಗೊತ್ತಿತ್ತವ್ವಾ," ಎಂದ ಬಸವಕುಮಾರ್ ಹಿಂದಿನಿಂದ. ಕೊನೆಗೂ ಬಾಯಿ ಬಂತು!

ಕಲ್ಲವ್ವ ಮಗನನ್ನು ಒಂದು ನೋಟ ನೋಡಿ ಮುಖ ತಿರುಗಿಸಿದಳು. ಎಲ್ಲರೂ ಸೇರಿ ತನ್ನನ್ನು ಮೂರ್ಖಳನ್ನಾಗಿ ಮಾಡಿದರು ಎಂಬ ಉರಿ ಅವಳದು. ಸಂಶಯಪಟ್ಟಿದ್ದು ಸುಳ್ಳಾಗಲಿಲ್ಲವಲ್ಲ! ಆದರೆ ಆ ಉರಿಗಿಂತ ದೊಡ್ಡ ಪ್ರಶ್ನೆಯೊಂದು ಎದ್ದು ನಿಂತಿತು.

"ಇಷ್ಟ ದಿನ ಮುಚ್ಚಿಟ್ಟಾಕಿ ಇವತ್ತ್ಯಾಕ ತೋರಿಸಿದಿ?"

"ಅಕಿ ಕಾಲು ಉಳೀಲಿ ಅಂತ್ರಿ."

ಕಲ್ಲವ್ವ ಎಡಗೈಯಲ್ಲಿ ಫೋನ್ ತೆಗೆದುಕೊಂಡು ಕಮಲಾಕ್ಷರಿಗೆ ಕರೆ ಮಾಡಿದಳು. ನಿನ್ನೆ ತಾನು ಹೇಳಿದ್ದೆಲ್ಲ ತಪ್ಪು, ಮಗಳ ಕಾಲಿಗೆ ಪೆಟ್ಟಾಗಿದೆ, ಅವಳು ಬರುವುದಿಲ್ಲ, ತಂಡವನ್ನು ಸೊಸೆಯೇ ಆಡಿಸಬೇಕು ಎಂದಳು. ತಪ್ಪು ಎಂಬ ಮಾತನ್ನು ಆ ಮನೆಯಲ್ಲಿ ಅವಳ ಬಾಯಿಂದ ಯಾರೂ ಕೇಳಿರಲಿಲ್ಲ. ಕಮಲಾಕ್ಷ, ಆಗಲಿ, ಆದರೆ ದಿಶಾ ಇಲ್ಲದೆ ಸೋತರೆ ಮುಂದಿನ ಕೆಲಸದ ಮಾತು ತನ್ನ ಕೈಯಲ್ಲಿಲ್ಲ ಎಂದರು. ವೈಶಾಲಿ ಕೇಳಿಸಿಕೊಂಡು ತಲೆಯಾಡಿಸಿದಳು. ಬ್ಯಾಗು ಎತ್ತಿಕೊಂಡು ಬಾಗಿಲ ಕಡೆ ತಿರುಗಿದಳು.

"ಹಂಗ ಹೋಗಬ್ಯಾಡ. ಕೂಡು."

ವೈಶಾಲಿ ಹಿಂದಿರುಗಿ ಜಗುಲಿಯ ಮುಂದೆ ಕೂತಳು. ಇವತ್ತಾದರೂ ನೆಟ್ಟಗೆ ಕೂರಬೇಕೆಂದು ಎಡಗಾಲನ್ನು ಬಲವಂತವಾಗಿ ಮಡಚಹೋದಳು, ನೋವಿಗೆ ಮುಖ ಕಿವುಚಿದಳು. ಕಲ್ಲವ್ವ ಆ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದಳು.

"ಚಾಚು."

"ದೇವರ ಕಡೆ ಆಗತೈತ್ರಿ..."

"ಆಗಲಿ. ಅವಗ ಮೊದಲ ಗೊತ್ತಿತ್ತು. ಗೊತ್ತಿಲ್ಲದಾಕಿ ನಾ ಒಬ್ಬಾಕಿ." ಹಣೆಗೆ ಮೂರು ಬೆರಳು ಎಳೆದಳು. "ನಿಮ್ಮಪ್ಪಗ ಬರಾಕ ಹೇಳು, ಅವನ ಲೆಕ್ಕ ಬ್ಯಾರೆ ಐತಿ. ಮತ್ತೇನರ ಮುಚ್ಚಿಟ್ಟಿದ್ರ ಸಂಜಿಗೆ ಬಂದು ಹೇಳು."

ವೈಶಾಲಿ ಅಳುತ್ತಲೇ ಇಲ್ಲ ಎಂದು ತಲೆಯಾಡಿಸಿದಳು. ಕಲ್ಲವ್ವ ಬೆರಳಲ್ಲಿ ಉಳಿದಿದ್ದ ವಿಭೂತಿಯನ್ನು ಆ ಹೊಲಿಗೆಯ ಗೆರೆಯ ಮೇಲೆ ಸವರಿದಳು. ಆಮೇಲೆ ಎದ್ದು, ಮಗಳ ಮೊಣಕಾಲಿಗೆ ಐಸ್ ತರಲು ಒಳಗೆ ಹೋದಳು.