ನಲವತ್ತೊಂದನೇ ನಂಬರಿನ ಬೆರಳು

ಬೆಳಿಗ್ಗೆ 10.20ಕ್ಕೆ ಆಸ್ಪತ್ರೆಯ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟರು. ಔಷಧಿ, ಹಾಸಿಗೆ ಬಟ್ಟೆ ಎರಡನ್ನೂ ಇಡುವ ಉಗ್ರಾಣದಿಂದ ನೋವಿನ ಇಂಜೆಕ್ಷನ್ನಿನ ಆರು ಬಾಟಲಿ ಕಾಣೆಯಾಗಿವೆ. ಬೆರಳೊತ್ತದೆ ಆ ಬಾಗಿಲು ತೆರೆಯದು. ಹಾಜರಿಗೂ ಅದೇ ಬೆರಳು. ಹಿಂದಿನ ದಿನ ಮಧ್ಯಾಹ್ನ 1.35ಕ್ಕೆ, ಎಲ್ಲರೂ ಊಟಕ್ಕೆ ಹೋದಾಗ, ಬಾಗಿಲು ತೆರೆದದ್ದು ನಲವತ್ತೊಂದನೇ ನಂಬರು. ಅಂದರೆ ಆಸ್ಪತ್ರೆಯ ಬಟ್ಟೆ ಒಗೆಯುವ, ಎಲ್ಲರೂ ಅಕ್ಕ ಎಂದೇ ಕರೆಯುವ ಹೆಂಗಸು.

"ಒಬ್ಬರ ಬೆರಳಿನ ಗೆರೆ ಇನ್ನೊಬ್ಬರಿಗೆ ಇರಲ್ಲ. ಮಷಿನ್ ಸುಳ್ಳು ಹೇಳಲ್ಲ ಮೇಡಂ."

"ಅದಕ್ಕೆ ಹೇಳಿಕೊಟ್ಟೋರು ಸುಳ್ಳು ಹೇಳಬಹುದಲ್ಲ," ಎನ್ನುತ್ತಾ ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಪಂಚನಾಮೆ ಮುಗಿದಾಗ ಹನ್ನೆರಡಾಗಿತ್ತು.

ಅಕ್ಕನನ್ನು ಠಾಣೆಗೆ ಕರೆತಂದರು.

"ನೀನೇ ತೆಗೆದ್ಯಾ?"

"ಇಲ್ಲ."

"ಮತ್ತೆ ಬೆರಳು?"

ಅವಳ ಬೆರಳಚ್ಚು ತೆಗೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಗೊಣಗಿದ: "ಹಾಳಾದ ಇಂಕು! ಮೂರು ಹಾಳೆ ದಂಡ ಆಯ್ತು. ಬರೀ ಮಸಿ ಬೀಳ್ತಿದೆ, ಒಂದು ಗೆರೆನೂ ಇಲ್ಲ."

ಇನ್‌ಸ್ಪೆಕ್ಟರ್ ಅವಳ ಕೈಯನ್ನು ಬೆಳಕಿಗೆ ತಿರುಗಿಸಿ ನೋಡಿದರು. ಹದಿನೆಂಟು ವರ್ಷದ ಸೋಡಾ, ಬ್ಲೀಚಿಂಗ್ ನೀರು ಬೆರಳ ತುದಿಗಳನ್ನು ನುಣ್ಣಗೆ ಸವೆಸಿಬಿಟ್ಟಿದ್ದವು. ಅವರ ತಲೆ ಚುರುಕಾಗಿ ಓಡಿತು.

"ನಮ್ಮ ಇಂಕಿಗೇ ಸಿಗದ ಗೆರೆ ಆ ಮಷಿನ್ನಿಗೆ ಹೇಗಮ್ಮ ಸಿಕ್ತು? ದಿನಾ ನಿನ್ನ ಹಾಜರಿ ಒತ್ತೋದು ಯಾರು?"

ಅಕ್ಕ ಅಳತೊಡಗಿದಳು. "ಹೇಳಿದ್ರೆ ಕೆಲಸ ಹೋಗುತ್ತೆ. ಮಷಿನ್ ಬೆರಳು ತಗೊಳ್ದೇ ಇದ್ರೆ ಕೆಲಸ ಇಲ್ಲ ಅಂತ ರೂಲ್ಸು."

"ಹೇಳ್ದಿದ್ರೆ ಜೈಲು."

"ಉಪಕಾರ ಮಾಡಿದೋರ ಹೆಸರು ಹೇಗೆ ಹೇಳ್ಲಿ?"

ಮೂರು ಗಂಟೆಗೆ ಇನ್‌ಸ್ಪೆಕ್ಟರ್ ಆಸ್ಪತ್ರೆಯ ಸಿಬ್ಬಂದಿಯನ್ನೆಲ್ಲ ಮಷಿನ್ ಮುಂದೆ ಸಾಲಾಗಿ ನಿಲ್ಲಿಸಿದರು. ಹಾಜರಿ ನೋಡಿಕೊಳ್ಳುವ ಸೂಪರ್‌ವೈಸರ್ ಬಲ ಹೆಬ್ಬೆರಳು ಒತ್ತಿದ. ಅವನದೇ ನಂಬರು ಬಂತು.

"ಆಯ್ತಲ್ಲ ಮೇಡಂ?"

"ಇನ್ನೂ ಒಂಬತ್ತು ಬೆರಳಿವೆಯಲ್ಲ, ಅವಸರ ಏನು?"

ಎಡಗೈ ಕಿರುಬೆರಳಿಗೆ ಹಸಿರು ದೀಪ ಹತ್ತಿತು. ಪರದೆಯ ಮೇಲೆ ನಲವತ್ತೊಂದು ಮೂಡಿತು. ಮಷಿನ್ ಅಕ್ಕನ ಬೆರಳು ಹಿಡಿಯದಿದ್ದಾಗ, ಅವಳ ಕೆಲಸ ಉಳಿಸಲು ಆ ನಂಬರಿಗೆ ತನ್ನ ಕಿರುಬೆರಳು ಕೊಟ್ಟಿದ್ದವನು ಅವನೇ. 4.10ಕ್ಕೆ ಅವನನ್ನು ಬಂಧಿಸಲಾಯಿತು.

"ಕಣ್ಣಿನ ಪಾಪೆ ಗುರುತು ಹಿಡಿಯೋ ಮಷಿನ್ ತರಿಸಿ," ಎಂದರು ಇನ್‌ಸ್ಪೆಕ್ಟರ್ ಮ್ಯಾನೇಜರಿಗೆ. "ಕಣ್ಣನ್ನ ಸೋಡಾ ಸವೆಸಲ್ಲ. ಅಲ್ಲೀವರೆಗೆ ಅಕ್ಕ ರಿಜಿಸ್ಟರಿನಲ್ಲಿ ಸಹಿ ಹಾಕ್ತಾಳೆ. ಕೆಲಸಕ್ಕೆ ಕುತ್ತು ಬಂದ್ರೆ ನಾನು ಮತ್ತೆ ಬರ್ತೀನಿ." ಮ್ಯಾನೇಜರ್ ತಲೆಯಾಡಿಸಿದರು.

ಠಾಣೆಯಲ್ಲಿ ಸೂಪರ್‌ವೈಸರ್ ಹೇಳಿಕೆ ಕೊಟ್ಟ. "ಅಪ್ಪನಿಗೆ ಕ್ಯಾನ್ಸರ್. ಆ ನರಳಾಟ ನೋಡಕ್ಕಾಗ್ಲಿಲ್ಲ."

"ಸರಿ. ಅವಳ ನಂಬರೇ ಯಾಕೆ?"

ಅವನು ತಲೆ ಎತ್ತಲಿಲ್ಲ. "ಅವಳು ಬಾಯಿ ಬಿಡಲ್ಲ ಅಂತ ಗೊತ್ತಿತ್ತು."

ಇನ್‌ಸ್ಪೆಕ್ಟರ್ ಆ ಮಾತನ್ನು ಇದ್ದಂತೆಯೇ ಬರೆಸಿಕೊಂಡರು. ಆಮೇಲೆ ಅವನ ಮನೆಯ ವಿಳಾಸ ಕೇಳಿ, ಅಪ್ಪನ ಬಳಿಗೆ ಡಾಕ್ಟರನ್ನು ಕಳಿಸಿದರು.