ಉಮೆಸಲ್ಮಾ ಆಪಾರ ಗ್ಲಾಸು

ಇದು ಹಾಡುಹಗಲೇ ನಡೆದದ್ದು, ಶಹಾಪುರದ ನಮ್ಮ ಮಾಳಿಗೆಯ ಕೋಣೆಯಲ್ಲಿ.

ಅಲ್ಲಿ ಕೂತು ನಾನು, ನನ್ನ ಹಿರಿಯ ಜೊತೆಗಾರ್ತಿ ಉಮೆಸಲ್ಮಾ ಆಪಾ ಒಂದು ವಿಮಾ ಕಂಪನಿಯ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನ ಹಳೆಯ ಅಸೆಂಬ್ಲರ್ ಪ್ರೋಗ್ರಾಮುಗಳನ್ನು ಸಾಲುಸಾಲಾಗಿ ಓದಿ ರಿಪೇರಿ ಮಾಡುತ್ತಿದ್ದೆವು. ಓದುವಾಗ ಒಂದು ಪ್ರೋಗ್ರಾಮು ಇನ್ನೊಂದನ್ನು ಕೆಲಸಕ್ಕೆ ಕರೆದರೆ ಆಪಾ ಮೇಜಿನ ಮೇಲೆ ಸ್ಟೀಲ್ ಗ್ಲಾಸೊಂದನ್ನು ಡಬ್ಬು ಹಾಕುವರು. ಅದು ಮತ್ತೊಂದನ್ನು ಕರೆದರೆ ಅದರ ಮೇಲೊಂದು. ಕರೆದದ್ದು ಕೆಲಸ ಮುಗಿಸಿ ಮರಳಿದರೆ ಗ್ಲಾಸು ತೆಗೆಯುವರು.

"ಮೇಜು ಖಾಲಿ ಆತಂದ್ರ ಎಲ್ಲಾರೂ ಮನಿ ಮುಟ್ಯಾರ, ಗುರುದೇವಿ. ಗ್ಲಾಸ್ ಉಳೀತಂದ್ರ ಯಾರೋ ದಾರಿ ತಪ್ಯಾರ, ಹುಡುಕು" ಅನ್ನುವರು.

ಆಪಾ ತೀರಿಕೊಂಡ ನಂತರದ ಬೇಸಿಗೆಯಲ್ಲಿ ಒಂದು ಪ್ರೋಗ್ರಾಮು ಕೆಟ್ಟು ನಿಂತಿತು. ನಾನೂ ಗ್ಲಾಸು ಪೇರಿಸುತ್ತ, ತೆಗೆಯುತ್ತ ಓದಿದೆ. ಎಲ್ಲವೂ ಮರಳಿದವು. ಆದರೂ ಒಂದು ಗ್ಲಾಸು ಉಳಿಯಿತು. ಅಂಚು ಸೊಟ್ಟಗಾದ, ಆಪಾ ನೀರು ಕುಡಿಯುತ್ತಿದ್ದ ಗ್ಲಾಸು. ಅದನ್ನು ಅವರ ತಾಯಿ ಹುಸೇನಬೀ ಎಂದೋ ತಮ್ಮೂರು ಸಗರಕ್ಕೆ ಒಯ್ದಿದ್ದರು. ಮುಟ್ಟಿದೆ. ಫ್ಯಾನೂ ಬಿಸಿ ಉಗುಳುವ ಆ ಹೊತ್ತಿನಲ್ಲಿ ಅದು ಮಡಿಕೆಯ ನೀರಿನಷ್ಟು ತಂಪಾಗಿತ್ತು.

ಮತ್ತೆ ಮೊದಲಿಂದ ಓದಿದೆ. ಕರೆದವರ ಬಳಿ ಮರಳದೆ ಬೇರೆಲ್ಲೋ ಹೋಗುವ ಪುಟ್ಟ ಪ್ರೋಗ್ರಾಮೊಂದು ನನ್ನ ಕಣ್ತಪ್ಪಿತ್ತು. ತಿದ್ದಿದೆ, ಸರಿಯಾಗಿ ಓಡಿತು.

"ನೀವೇನ್ರೀ, ಆಪಾ?" ಎಂದೆ. ಅಳು ಬಂತು, ನಗುವೂ ಬಂತು. ಕಿಟಕಿಯ ಬಳಿ ಹೋಗಿ ಸಗರಕ್ಕೆ ಫೋನ್ ಮಾಡಿ ಗ್ಲಾಸಿನ ಬಗ್ಗೆ ಕೇಳಿದೆ.

"ಆಕಿ ಗ್ಲಾಸ್ ಏನವ್ವಾ? ಮುಂಜಾನಿಂದ ಹುಡುಕಾಕತ್ತಿದ್ದೆ. ಈಗ ನೋಡು, ಮಡಿಕಿ ಮ್ಯಾಲನ ಐತಿ" ಎಂದರು ಹುಸೇನಬೀ.

ತಿರುಗಿ ನೋಡಿದೆ. ಮೇಜು ಖಾಲಿಯಿತ್ತು. ಗ್ಲಾಸಿದ್ದ ಜಾಗದಲ್ಲಿ ನೀರಿನ ಉಂಗುರ ಇನ್ನೂ ಆರಿರಲಿಲ್ಲ.