ಮೊದಲು ಸಿಕ್ಕ ‘ಪಿ’

ಕುಡುಗೋಲು ನನ್ನ ಕುತ್ತಿಗೆಯ ಮೇಲಿತ್ತು. ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕುಡುಗೋಲು... ಹಸಿರು ಕರೆ ಇನ್ನೂ ಒಣಗಿರಲಿಲ್ಲ.

“ಕೀಬೋರ್ಡಿಂದ ಕೈ ತಗೀಲಾ,” ಅಂದ ಮಾಯಣ್ಣ.

ತೆಗೆಯಲಿಲ್ಲ. ಕೋಪ ಬಂದಾಗ ನನಗೆ ಕಿವಿ ಕೇಳಿಸುವುದಿಲ್ಲ, ಸಾರ್.

ಮಾಯಣ್ಣ ಅಂದರೆ ದೊಡ್ಡಹನುಮಯ್ಯನ ಬಲಗೈ. ದೊಡ್ಡಹನುಮಯ್ಯ ಅಂದರೆ ರಾಮನಗರದ ಹೊರವಲಯದಲ್ಲಿದ್ದ ಖಾಸಗಿ ರೇಷ್ಮೆಗೂಡಿನ ಮಂಡಿಯ ಮಾಲೀಕ. ನಾನು? ಕಂಪ್ಯೂಟರ್ ರಿಪೇರಿ ಮಾಡುವವನು. ಅಗತ್ಯ ಬಿದ್ದರೆ ಮನುಷ್ಯರನ್ನೂ ರಿಪೇರಿ ಮಾಡುತ್ತೇನೆ.

ತೊಂಬತ್ತರ ದಶಕದ ಆರಂಭ. ರೇಷ್ಮೆಗೆ ಬಂಗಾರದ ಕಾಲ! ಚನ್ನಪಟ್ಟಣ, ಕನಕಪುರ, ಮಾಗಡಿ... ಎಲ್ಲ ಕಡೆಯಿಂದಲೂ ಟೆಂಪೋಗಟ್ಟಲೆ ಗೂಡು ಬಂದು ಬೀಳುತ್ತಿತ್ತು. ನೂಲು ತೆಗೆಯುವ ರೀಲರುಗಳು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳದ ಸದ್ದು ಕೇಳಿ ಬೆಲೆ ಕೂಗುತ್ತಿದ್ದರು. ಕಿವಿ ಸಾಲದು ಎಂದು ದೊಡ್ಡಹನುಮಯ್ಯ ಕಂಪ್ಯೂಟರ್ ತಂದಿಟ್ಟಿದ್ದ.

ಆ ಬೆಳಿಗ್ಗೆ ಬೈರಾಪಟ್ಟಣದ ಪುಟ್ಟಗೌರಮ್ಮ ನನ್ನ ಅಂಗಡಿಗೆ ಓಡಿ ಬಂದಳು. ಕಂಪ್ಯೂಟರ್ ಅವಳು ತಂದ ಗೂಡಿನ ಲಾಟಿಗೆ ಗಂಟುರೋಗ ಅಂದಿತ್ತು, ರೇಷ್ಮೆಹುಳಕ್ಕೆ ಬರುವ ಅಂಟುರೋಗ. ಮಂಡಿಯ ಕಾನೂನು ಗೊತ್ತಲ್ಲ... ರೋಗದ ಗೂಡನ್ನು ಸುಡಬೇಕು, ಹುಳು ಸಾಕಿದ ಮನೆಯನ್ನೂ ಸುಡಬೇಕು. ಸೀಮೆಎಣ್ಣೆ ಡಬ್ಬಿಗಳು ಆಗಲೇ ಮಾಯಣ್ಣನ ಜೀಪು ಹತ್ತಿದ್ದವು.

“ಹುಳಿನ ಮನೇಗೆ ಬೆಂಕಿ ಇಕ್ತಾರಂತೆ ಕಣಪ್ಪ. ನಾವು ಮಲಗಾದೂ ಅದೇ ಮನೇಲಿ,” ಅಂದಳು. ಸೆರಗಿನಿಂದ ಒಂದು ಗೂಡು ತೆಗೆದು ಕೊಟ್ಟಳು. ಅಲ್ಲಾಡಿಸಿದೆ. ಗಟ್ಟಿ ಸದ್ದು. ಮಂಡಿಯಲ್ಲಿ ಪರೀಕ್ಷೆ ಮಾಡಿದವನೂ ಹುಳು ಚೆನ್ನಾಗಿದೆ ಅಂದಿದ್ದನಂತೆ.

ಹಾಗಾದರೆ ಸುಳ್ಳು ಹೇಳಿದ್ದು ಯಂತ್ರ.

ಆ ಪ್ರೋಗ್ರಾಂ ಬರೆದಿದ್ದು ಊರಿನ ಕಂಪ್ಯೂಟರ್ ಸೆಂಟರಿನ ಉಮಾಮಹೇಶ್ವರಿ. ಫೋನ್ ಮಾಡಿದೆ. ಅವಳು ಅತ್ತೇಬಿಟ್ಟಳು.

ಸಿ ಭಾಷೆ, ಸಾರ್. ಪ್ರತಿ ಲಾಟಿಗೂ ನಡುನಡುವೆ ಅಲ್ಪವಿರಾಮ ಹಾಕಿದ ಒಂದು ಸಾಲು: ರೈತನ ಹೆಸರು, ಊರು, ಕೊನೆಗೆ ಪರೀಕ್ಷೆಯ ಗುರುತು. ರೋಗವಿದ್ದರೆ P, ಇಲ್ಲದಿದ್ದರೆ N. ಎಲ್ಲವೂ ಇಂಗ್ಲಿಷಿನ ದೊಡ್ಡಕ್ಷರ. ಆ ಸಾಲಿನಲ್ಲಿ P ಇದೆಯಾ ಅಂತ ಹುಡುಕಲು ಅವಳು strchr ಎಂಬ ಫಂಕ್ಷನ್ ಹಾಕಿದ್ದಳು. ಅದು ಸಾಲಿನ ತಲೆಯಿಂದ ಹುಡುಕುತ್ತಾ ಹೋಗಿ, ಮೊದಲ P ಸಿಕ್ಕ ಕಡೆ ನಿಲ್ಲುತ್ತದೆ. ಅದು ರೋಗದ್ದಾ, ಹೆಸರಿನದ್ದಾ... ಕೇಳುವುದಿಲ್ಲ!

ನಮ್ಮ ಕಡೆ ಪುಟ್ಟ ಇಲ್ಲದ ಮನೆ ಯಾವುದಿದೆ? ಪುಟ್ಟಗೌರಮ್ಮ, ಪುಟ್ಟಲಿಂಗಯ್ಯ... ಎಲ್ಲರಿಗೂ ರೋಗ. ಬೈರಾಪಟ್ಟಣದ ಹೆಸರಿನಲ್ಲೇ P ಇದೆ. ಇಡೀ ಊರಿಗೇ ರೋಗ!

ತಪ್ಪು ಗೊತ್ತಾದ ದಿನವೇ ಅವಳು ದೊಡ್ಡಹನುಮಯ್ಯನಿಗೆ ಹೇಳಿದ್ದಳು. ಅವನು ಅವಳನ್ನು ಮಂಡಿಯ ಕೆಲಸದಿಂದ ಕಿತ್ತುಹಾಕಿದ. ಯಾಕೆ ಅಂತೀರಾ? ಅವನು ಸುಡುತ್ತಿದ್ದದ್ದು ಖಾಲಿ ಚೀಲ. ಗೂಡು ಹಿಂಬಾಗಿಲಿನಿಂದ ಕನಕಪುರದ ಲಾರಿ ಹತ್ತುತ್ತಿತ್ತು.



ಊರಿನವರನ್ನು ಕರೆದುಕೊಂಡು ಮುಂದಿನ ಗೇಟಿಗೆ ಬಾ ಅಂತ ಪುಟ್ಟಗೌರಮ್ಮನನ್ನು ಕಳಿಸಿ, ನಾನು ಮಂಡಿಯ ಹಿಂದಿನ ಗೋಡೆ ಹಾರಿದೆ. ಮಾಯಣ್ಣ ನೋಡಿದ. ಓಡಿದೆ. ಗೂಡಿನ ರಾಶಿಗಳ ನಡುವೆ, ರೀಲರುಗಳ ಕಾಲುಗಳ ನಡುವೆ. ಅವನು ಕುಡುಗೋಲು ಹಿಡಿದು ಹಿಂದೆಯೇ ಬಂದ. ಆಫೀಸಿನೊಳಗೆ ನುಗ್ಗಿ ಕಂಪ್ಯೂಟರ್ ಮುಂದೆ ಕೂತೆ. ಒಂದೇ ಸಾಲು ಟೈಪ್ ಮಾಡಿದೆ, ಕೊನೆಗೆ N. ಅಷ್ಟರಲ್ಲಿ ಕುತ್ತಿಗೆಗೆ ಕಬ್ಬಿಣ ತಣ್ಣಗೆ ತಾಗಿತು.

ಆಗಲೇ ದೊಡ್ಡಹನುಮಯ್ಯ ಒಳಗೆ ಬಂದ. ಮೇಜಿನ ಮೇಲಿದ್ದ ಹರಾಜಿನ ಮೈಕ್ ಎತ್ತಿಕೊಂಡ. ಮಂಡಿಯ ತುಂಬಾ ಜನ ಕಿವಿ ನೆಟ್ಟಗೆ ಮಾಡಿದರು.

“ಯಾರೂ ಗಾಬರಿ ಬೀಳ್ಬ್ಯಾಡಿ. ಕಂಪ್ಯೂಟರ್ ಸುಳ್ಳು ಹೇಳಾಕಿಲ್ಲ. ಅದಕ್ಕೆ ನಮ್ಮೋರು ತಮ್ಮೋರು ಅಂತ ಇಲ್ಲ.”

ಮೈಕ್ ಕೆಳಗಿಟ್ಟ. ಆಫ್ ಮಾಡುವುದನ್ನು ಮರೆತ.

ನಾನು ಎಂಟರ್ ಒತ್ತಿದೆ.

ಪ್ರಿಂಟರ್ ಕಿರುಚಿತು. ಗುಮಾಸ್ತ ಮೆಹಬೂಬ್ ಚೀಟಿ ಹರಿದುಕೊಂಡ. ಬಂದ ಚೀಟಿಯನ್ನೆಲ್ಲ ಮೈಕಿನಲ್ಲಿ ಓದುವುದೇ ಅವನ ಕೆಲಸ. ಅಭ್ಯಾಸಬಲದಿಂದ ಓದಿಯೇಬಿಟ್ಟ.

“ಪಿ. ದೊಡ್ಡಹನುಮಯ್ಯ, ಹೊಂಗನೂರು. ಗಂಟುರೋಗ. ಗೂಡು, ಮನೆ ಎಲ್ಡೂ ಸುಡಬೇಕು.”

ಗೇಟಿನ ಬೋರ್ಡಿನ ಮೇಲೆ ಅವನ ಹೆಸರು ಹಾಗೇ ಇತ್ತು, ಸಾರ್... ಅಪ್ಪನ ಇನಿಷಿಯಲ್ ಸಮೇತ! ತನ್ನ ಗೂಡು ಹಾಕುವಾಗ ಮಾತ್ರ ಕಳ್ಳ ಆ ‘ಪಿ’ ಬಿಟ್ಟು ಬರೆಸುತ್ತಿದ್ದ.



ಪುಟ್ಟಗೌರಮ್ಮ ಗೇಟಿನ ಹತ್ತಿರ ನಿಂತಿದ್ದ ಮಾಯಣ್ಣನ ಜೀಪಿನಿಂದ ಒಂದು ಸೀಮೆಎಣ್ಣೆ ಡಬ್ಬಿ ಇಳಿಸಿದಳು. ಹೊಂಗನೂರಿನ ಬಸ್ಸು ಎಷ್ಟೊತ್ತಿಗೆ ಅಂತ ಪಕ್ಕದವನನ್ನು ಕೇಳಿದಳು. ಅವಳ ಹಿಂದೆ ಪುಟ್ಟಲಿಂಗಯ್ಯ ಇನ್ನೊಂದು ಡಬ್ಬಿ ಇಳಿಸಿದ. ಅವನ ಹಿಂದೆ ಇಡೀ ಬೈರಾಪಟ್ಟಣ.

ಕಿಟಕಿಯಿಂದ ನೋಡುತ್ತಿದ್ದ ದೊಡ್ಡಹನುಮಯ್ಯ ಅಲ್ಲಿಂದಲೇ ಕೂಗಿದ.

“ಲೇ, ಅದು ರೋಗ ಅಲ್ಲ ಕಣ್ರಲಾ! ನನ್ ಹೆಸರ್ನಾಗಿರೋ ಪಿ. ಪ್ರೋಗ್ರಾಮೇ ತಪ್ಪೈತೆ... ಆ ಹುಡ್ಗಿ ಹೋದ್ ತಿಂಗ್ಳೇ ಹೇಳಿದ್ಲು.”

ಮೈಕ್ ಅಷ್ಟನ್ನೂ ಊರಿಗೆಲ್ಲ ಕೇಳಿಸಿತು.

ಮಾಯಣ್ಣನ ಕುಡುಗೋಲು ಮೆಲ್ಲಗೆ ನನ್ನ ಕುತ್ತಿಗೆ ಬಿಟ್ಟಿತು. ಹೊಟ್ಟೆಪಾಡಿಗೆ ಹೊಡೆಯುವವನು ಅವನು, ಜನ ನೋಡಿ ಬಾಗಿಲ ಕಡೆ ಸರಿದ. ಪುಟ್ಟಗೌರಮ್ಮ ಡಬ್ಬಿ ಕೆಳಗಿಟ್ಟಳು. ತನ್ನ ಗೂಡಿನ ಚೀಲ ಎಲ್ಲಿ ಅಂತಷ್ಟೇ ಕೇಳಿದಳು. ಹಿಂಬಾಗಿಲಲ್ಲಿ ನಿಂತಿದ್ದ ಕನಕಪುರದ ಲಾರಿಯಿಂದ ಅವಳ ಚೀಲದ ಜೊತೆ ಊರಿನವರ ಚೀಲಗಳೆಲ್ಲ ಇಳಿದವು.

ಕೊನೆಯ ಅಲ್ಪವಿರಾಮವನ್ನು ಹುಡುಕಿ, ಅದರ ಮುಂದಿನ ಅಕ್ಷರವನ್ನಷ್ಟೇ ನೋಡುವ ಹಾಗೆ ಪ್ರೋಗ್ರಾಂ ತಿದ್ದಿದೆ. ಎರಡೇ ಸಾಲಿನ ಕೆಲಸ.

ದೊಡ್ಡಹನುಮಯ್ಯನ ರಿಪೇರಿಯನ್ನು ಬೈರಾಪಟ್ಟಣದವರಿಗೆ ಬಿಟ್ಟು, ಬಾಗಿಲು ಹೊರಗಿನಿಂದ ಹಾಕಿಕೊಂಡು ಬಂದೆ.